ಗುಡ್ಡೆಯ ಕೇಪಳ ಬೆಂಗಳೂರಿನ ಕುಂಡದಲ್ಲಿ ಹಳದಿಯಾದದ್ದು: ಒಂದು ಮನೆಯ ಮೂರು ವರ್ಷದ ಪ್ರಕರಣ

ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಊರು ಯಾವುದೂ ಇಲ್ಲಿ ಇಲ್ಲ. ಮನೆಯೊಡತಿಯನ್ನು ನಾನು ಅಕ್ಕ ಅನ್ನುವುದು, ಅವರ ಗಂಡನನ್ನು ಭಾವ. ಭಾವನ ತಾಯಿ ನಮ್ಮೆಲ್ಲರಿಗೂ ಅಮ್ಮ. ಇಲ್ಲೂ ಹಾಗೇ ಇರಲಿ.

ನಾನು ಕೃಷಿ ಓದಿದವನಲ್ಲ. ತಾರಸಿಯಲ್ಲಿ ಗಿಡ ಬೆಳೆಸುವ ಚಟ ಇದೆ, ಅಷ್ಟೇ. ಗೊತ್ತಿದ್ದವರ ಮನೆಯಲ್ಲಿ ಗಿಡ ಸೊರಗಿದರೆ ನನಗೊಂದು ಫೋಟೋ ಬರುತ್ತದೆ. ಈ ಪ್ರಕರಣದಲ್ಲಿ ಒಂದು ವರ್ಷ ಹಾಳಾದದ್ದು ನನ್ನ ಮಾತಿನಿಂದ. ಅದನ್ನೂ ಮುಚ್ಚಿಡದೆ ಬರೆದಿದ್ದೇನೆ.

ಹಿನ್ನೆಲೆ

ಅಕ್ಕನ ಮನೆಯವರು ದಕ್ಷಿಣ ಕನ್ನಡದ ಒಳನಾಡಿನವರು. ಕೆಳಗೆ ಅಡಿಕೆ ತೋಟ, ಮೇಲೆ ಮುರಕಲ್ಲಿನ ಗುಡ್ಡೆ. ಗುಡ್ಡೆ ತುಂಬ ಕುಂಟಾಲ, ನೇರಳೆ, ಕೇಪಳ. ಕೇಪಳವನ್ನು ಯಾರೂ ನೆಟ್ಟದ್ದಲ್ಲ. ಯಾರೂ ನೀರು ಹಾಕಿದ್ದೂ ಇಲ್ಲ. ಮೊಣಕಾಲೆತ್ತರದ ಪೊದೆಯಲ್ಲಿ ಕೆಂಡದ ಬಣ್ಣದ ಗೊಂಚಲು. ಶಾಲೆಗೆ ಹೋಗುವ ದಾರಿಯಲ್ಲಿ ಹೂ ಕಿತ್ತು, ಅದರ ಉದ್ದ ಕೊಳವೆಯ ಬುಡ ಚೀಪಿ ಒಂದು ಹನಿ ಸಿಹಿ ಕುಡಿಯದ ಮಕ್ಕಳು ಆ ಕಡೆ ಇಲ್ಲ. ಹಣ್ಣು ಮೊದಲು ಕೆಂಪು, ಮಾಗಿದಾಗ ಕಪ್ಪು ನೇರಳೆ. ಅದೂ ಮಕ್ಕಳ ಪಾಲು, ಮಕ್ಕಳಿಂದ ಉಳಿದದ್ದು ಹಕ್ಕಿಗಳ ಪಾಲು. ಹೂ ದೇವಿಗೂ ಬೇಕು, ಭೂತದ ಕೋಲಕ್ಕೂ ಬೇಕು, ಹೊಟ್ಟೆ ಕೆಟ್ಟ ದಿನ ತಂಬುಳಿಗೂ ಬೇಕು.

ತುಳುವಿನಲ್ಲಿ ಇದು ಕೇಪುಳ. ಮಲಯಾಳದಲ್ಲಿ ತೆಚ್ಚಿ ಅಥವಾ ಚೆತ್ತಿ, ತಮಿಳಿನಲ್ಲಿ ವೆಟ್ಚಿ. ಹಳೆಯ ತಮಿಳು ಕಾವ್ಯದಲ್ಲಿ ಶತ್ರುಗಳ ದನ ಹೊಡೆದು ತರಲು ಹೊರಟ ದಂಡು ಮುಡಿಯುತ್ತಿದ್ದದ್ದು ಇದೇ ಹೂವನ್ನು. ಸಸ್ಯಶಾಸ್ತ್ರದವರು ಇಕ್ಸೋರಾ ಕಾಕ್ಸಿನಿಯಾ ಅನ್ನುತ್ತಾರೆ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು. ಆ ‘ಇಕ್ಸೋರಾ’ ಬೇರೆ ಯಾರೂ ಅಲ್ಲ, ಪೋರ್ಚುಗೀಸರ ಬಾಯಿಗೆ ಸಿಕ್ಕ ನಮ್ಮ ಈಶ್ವರ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಕಾಫಿ ಗಿಡ ಇದರ ದಾಯಾದಿ, ಎರಡೂ ಒಂದೇ ಕುಟುಂಬ.

2022ರಲ್ಲಿ ಭಾವ ಬೆಂಗಳೂರಿನ ಹೊರವಲಯದಲ್ಲಿ ಮನೆ ಕಟ್ಟಿಸಿದರು. ಊರಿನ ಮನೆ ನೋಡಿಕೊಳ್ಳಲು ಜನ ಇಲ್ಲ ಎಂದು ಅಮ್ಮನನ್ನೂ ಕರೆದುಕೊಂಡು ಬಂದರು. ಅಮ್ಮ ಯಾವುದಕ್ಕೂ ದೂರಿದವರಲ್ಲ. ಒಂದೇ ಒಂದು ಮಾತು: “ದೇವರಿಗೆ ನಾಲ್ಕು ಕೇಪಳ ಸಿಕ್ಕಿದ್ದರೆ ಆಗ್ತಿತ್ತು.”

ಮೊದಲ ಎರಡು ಸೋಲು

ಮೊದಲ ಪ್ರಯತ್ನ ಭಾವನದ್ದು. ಆ ಮಳೆಗಾಲ ಊರಿಗೆ ಹೋದವರು ಗುಡ್ಡೆಯಿಂದ ಒಂದು ಗಿಡವನ್ನೇ ಕಿತ್ತು ತಂದರು. ಮುರಕಲ್ಲಿನ ಸಂದಿಯಲ್ಲಿ ಬೆಳೆದ ಗಿಡದ ತಾಯಿಬೇರು ಎಲ್ಲಿಗೆ ಹೋಗಿರುತ್ತದೋ ದೇವರಿಗೇ ಗೊತ್ತು. ಹಾರೆ ಹಾಕಿದಾಗ ಅರ್ಧ ಬೇರು ಅಲ್ಲೇ ಉಳಿಯಿತು. ಗಿಡ ಮೂರು ವಾರ ಇತ್ತು, ಆಮೇಲೆ ಒಣಗಿತು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗುಡ್ಡೆಯ ಗಿಡ ಕೀಳಬೇಡಿ.

ಎರಡನೆಯದು ನರ್ಸರಿಯಿಂದ ಬಂತು. ‘ಕೇಪಳ ಇದೆಯಾ’ ಎಂದು ಕೇಳಿದ್ದಕ್ಕೆ ‘ಇದೇ ಸರ್’ ಎಂದು ಒಂದು ಪುಟ್ಟ ಗಿಡ ಕೊಟ್ಟರು. ಬಂದ ಎರಡೇ ತಿಂಗಳಿಗೆ ಮೈತುಂಬ ಹೂ ಬಿಟ್ಟಿತು. ಅಮ್ಮ ಹತ್ತಿರ ಹೋಗಿ ನೋಡಿದರು. ಒಂದು ಹೂ ಕಿತ್ತು ಚೀಪಿದರು. “ಇದು ಅದಲ್ಲ” ಅಂದರು.

ಅಮ್ಮ ಹೇಳಿದ್ದೇ ಸರಿ. ನರ್ಸರಿಗಳಲ್ಲಿ ಸಿಗುವುದರಲ್ಲಿ ಹೆಚ್ಚಿನವು ಕುಳ್ಳ ಮಿಶ್ರತಳಿಗಳು, ಇಲ್ಲವೇ ಚೀನಾದ ಕಡೆಯ ಜಾತಿ. ಗುರುತು ಹಿಡಿಯುವುದು ಕಷ್ಟವಲ್ಲ. ನಮ್ಮ ಕೇಪಳದ ಎಲೆಗೆ ತೊಟ್ಟು ಇಲ್ಲವೇ ಇಲ್ಲ ಅನ್ನಬಹುದು. ಎಲೆಯ ಬುಡ ಕಡ್ಡಿಗೇ ಅಂಟಿಕೊಂಡಂತೆ ಇರುತ್ತದೆ. ನಾಲ್ಕು ಎಸಳುಗಳ ತುದಿ ಚೂಪು. ಚೀನಾ ಜಾತಿಯ ಎಸಳಿನ ತುದಿ ದುಂಡಗೆ, ಎಲೆಗೆ ಗಿಡ್ಡ ತೊಟ್ಟು. ಅಂದಕ್ಕೆ ಅದೂ ಚೆನ್ನಾಗಿಯೇ ಇದೆ. ಆದರೆ ಈ ಮನೆಗೆ ಬೇಕಾದದ್ದು ಅಂದ ಅಲ್ಲ.

2023ರ ಜೂನ್‌ನಲ್ಲಿ ಅಕ್ಕ ತಾವೇ ಊರಿಗೆ ಹೋದರು. ತೀರಾ ಎಳತೂ ಅಲ್ಲದ, ತೀರಾ ಬಲಿತದ್ದೂ ಅಲ್ಲದ ಕಡ್ಡಿ ಆರಿಸಿ, ಗೇಣುದ್ದ ಕತ್ತರಿಸಿ, ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ತಂದರು. ಹನ್ನೆರಡು ಕಡ್ಡಿ. ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಊರಿದರು. ಮೇಲೆ ಪ್ಲಾಸ್ಟಿಕ್ ಹೊದಿಕೆ. ಕೇಪಳ ನಿಧಾನದ ಗಿಡ. ಎರಡು ತಿಂಗಳು ಏನೂ ಕಾಣಲಿಲ್ಲ. ಕೊನೆಗೆ ಐದಕ್ಕೆ ಬೇರು ಬಂತು, ಮೂರು ಉಳಿದವು. ಎರಡನ್ನು ತಾರಸಿಯ ಕುಂಡಕ್ಕೆ ಹಾಕಿದರು. ಒಂದನ್ನು ಮನೆ ಮುಂದೆ, ಕಾಂಪೌಂಡ್ ಗೋಡೆಯ ಪಕ್ಕ ನೆಲಕ್ಕೇ ನೆಟ್ಟರು.

ಹಳದಿ

ದೀಪಾವಳಿವರೆಗೆ ಮೂರೂ ಗಿಡ ಚೆನ್ನಾಗಿದ್ದವು. 2024ರ ಜನವರಿಯಲ್ಲಿ ಹೊಸ ಚಿಗುರು ಹಳದಿಯಾಗಿ ಬರತೊಡಗಿತು. ಕೇಪಳದ ಎಳೆಯ ಎಲೆ ಮೊದಲಿಗೆ ತಿಳಿ ಬಣ್ಣದ್ದೇ, ಬಲಿಯುತ್ತಾ ಹಸಿರಾಗುತ್ತದೆ. ಇವು ಬಲಿತರೂ ಹಸಿರಾಗಲಿಲ್ಲ. ಎಲೆ ಪೂರ್ತಿ ನಿಂಬೆಹಣ್ಣಿನ ಬಣ್ಣ, ನರಗಳು ಮಾತ್ರ ಕಡು ಹಸಿರು. ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಮೀನಿನ ಮುಳ್ಳು ಹೊಲಿದ ಹಾಗೆ. ಫೆಬ್ರುವರಿ ಹೊತ್ತಿಗೆ ಕೆಲವು ಎಲೆಗಳ ಅಂಚು ಸುಟ್ಟುಕೊಂಡಿತ್ತು.

ಆ ಬೇಸಿಗೆ ಬೆಂಗಳೂರಿನವರಿಗೆ ನೆನಪಿದ್ದೇ ಇರುತ್ತದೆ. ಬೋರ್‌ವೆಲ್‌ಗಳು ಒಣಗಿ ಟ್ಯಾಂಕರಿಗೆ ಸಾಲು ನಿಂತ ವರ್ಷ ಅದು. ಅಕ್ಕನ ಬಡಾವಣೆಗೆ ಕಾವೇರಿ ನೀರು ಬಂದಿರಲಿಲ್ಲ. ಮನೆಯ ಬೋರ್‌ವೆಲ್ ದಿನಕ್ಕೆ ಅರ್ಧ ಗಂಟೆ ಓಡುತ್ತಿತ್ತು. ಗಿಡಕ್ಕೆ ಒಳ್ಳೆ ನೀರು ಹಾಕುವುದು ಹೇಗೆ ಎಂದು ಅಕ್ಕ ಅಡುಗೆಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಗಳಿಗೆ ಹಾಕತೊಡಗಿದರು. ಆ ದಿನಗಳಲ್ಲಿ ಎಲ್ಲರೂ ಮಾಡಿದ್ದು ಅದನ್ನೇ. ನಾನೂ ಮಾಡಿದ್ದೇನೆ.

ಮಾರ್ಚ್‌ನಲ್ಲಿ ನನಗೆ ಫೋಟೋ ಬಂತು. ಜೊತೆಗೆ ಒಂದು ಧ್ವನಿಸಂದೇಶ. “ಇದಕ್ಕೆ ಎಂತ ಆಯ್ತು ಅಂತ ಒಮ್ಮೆ ನೋಡಿ ಮಾರಾಯ್ರೆ. ಗುಡ್ಡೆಯಲ್ಲಿ ಯಾರೂ ನೋಡದಿದ್ದರೂ ಬೆಳೀತದೆ, ಇಲ್ಲಿ ಇಷ್ಟು ನೋಡಿದರೂ ಹೀಗೆ.”

ಕೊಟ್ಟದ್ದೆಲ್ಲ

ನಾನು ಹೋಗುವ ಮೊದಲು ಅಕ್ಕ ಏನೇನು ಕೊಟ್ಟಿದ್ದರು ಎಂದು ಕೇಳಿ ಬರೆದುಕೊಂಡೆ. ಇದನ್ನು ಕೇಳಿದ್ದು ಒಳ್ಳೆಯದಾಯಿತು, ಆದರೆ ಬರೆದದ್ದನ್ನು ಸರಿಯಾಗಿ ಓದಿದ್ದು ಒಂದು ವರ್ಷದ ಮೇಲೆ.

ಒಲೆಯ ಬೂದಿ, ಊರಿನಿಂದ ಬಂದದ್ದು, ತಿಂಗಳಿಗೆ ಒಂದು ಹಿಡಿ. ಮೊಟ್ಟೆ ಚಿಪ್ಪಿನ ಪುಡಿ, ಪಕ್ಕದ ಮನೆಯವರು ಹೇಳಿದ್ದಕ್ಕೆ. ಕುಂಡದ ಬುಡಕ್ಕೆ ಚಿಟಿಕೆ ಸುಣ್ಣ, ಇದು ಅಮ್ಮನ ಸಲಹೆ. ಆಮೇಲೆ ಕಡಲೆಹಿಂಡಿ ನೆನೆಸಿದ ನೀರು, ಸಗಣಿ ಗೊಬ್ಬರ.

ಸುಣ್ಣ ಮತ್ತು ಬೂದಿ ಹಾಕಿದ್ದು ಅವರಿಗೆ ತಿಳಿಯದೇ ಅಲ್ಲ, ತಿಳಿದೇ. ಕರಾವಳಿಯ ಮಣ್ಣು ಹುಳಿ. ಅಲ್ಲಿ ಬೀಳುವ ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅದಕ್ಕೇ ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು, ಮಲ್ಲಿಗೆ ಬುಡಕ್ಕೆ ಬೂದಿ, ಸುಡುಮಣ್ಣು ಹಾಕುವುದು. ಕೊಡಗಿನ ಕಾಫಿ ತೋಟದಲ್ಲೂ ಹೀಗೇ. ಅಮ್ಮ ಐವತ್ತು ವರ್ಷ ತೋಟ ಮಾಡಿದವರು. ಅವರ ಲೆಕ್ಕದಲ್ಲಿ ಗಿಡ ಸೊರಗಿದರೆ ಸುಣ್ಣ ಬೇಕು. ಆ ಲೆಕ್ಕ ಆ ಮಣ್ಣಿಗೆ ಪಕ್ಕಾ.

ಇನ್ನು ನನ್ನ ತಪ್ಪು. ನರ ಹಸಿರು, ನಡುವೆ ಹಳದಿ ಅಂದ ತಕ್ಷಣ ನಾನು ಮೆಗ್ನೀಸಿಯಂ ಕೊರತೆ ಅಂದೆ. ಎಪ್ಸಮ್ ಉಪ್ಪು, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಕೊಡಿಸಿದೆ. ಹದಿನೈದು ದಿನಕ್ಕೊಮ್ಮೆ, ಲೀಟರಿಗೆ ಒಂದು ಚಮಚ. ಏಪ್ರಿಲ್, ಮೇ ಏನೂ ಆಗಲಿಲ್ಲ. ಜೂನ್ ಕಳೆದು ಜುಲೈಯಲ್ಲಿ ಗಿಡ ಹಸಿರಾಗತೊಡಗಿತು. ಆಗಸ್ಟ್‌ನಲ್ಲಿ ಕುಂಡದ ಎರಡೂ ಗಿಡದ ಹೊಸ ಎಲೆ ಕಡು ಹಸಿರು. ಅಕ್ಕ ನನಗೆ ಫೋಟೋ ಕಳಿಸಿ ಕೈಮುಗಿದರು. ನಾನೂ ಬೀಗಿದೆ. ಎಪ್ಸಮ್ ಉಪ್ಪು ಎಷ್ಟು ಒಳ್ಳೆಯದು ಎಂದು ಇನ್ನು ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ.

ಡಿಸೆಂಬರ್‌ನಲ್ಲಿ ಮತ್ತೆ ಹಳದಿ. ಎಪ್ಸಮ್ ಉಪ್ಪು ನಿಲ್ಲಿಸಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಹೋಗುತ್ತಿತ್ತು.

ಆಗ ನನಗೆ ನಿಜಕ್ಕೂ ಇರಿಸುಮುರಿಸಾಯಿತು. ಹಳೆಯ ಫೋಟೋಗಳನ್ನೆಲ್ಲ ತಾರೀಖಿನ ಪ್ರಕಾರ ಸಾಲಾಗಿ ಇಟ್ಟು ನೋಡಿದೆ. 2023ರ ಮಳೆಗಾಲ ಹಸಿರು. 2024ರ ಬೇಸಿಗೆ ಹಳದಿ. 2024ರ ಮಳೆಗಾಲ ಹಸಿರು. ಡಿಸೆಂಬರ್ ಹಳದಿ. ಗಿಡಕ್ಕೆ ನಾನು ಕೊಟ್ಟ ಔಷಧಕ್ಕೂ ಅದರ ಬಣ್ಣಕ್ಕೂ ಸಂಬಂಧವೇ ಇಲ್ಲ. ಸಂಬಂಧ ಇದ್ದದ್ದು ಮಳೆಗೆ. ಮಳೆಗಾಲದಲ್ಲಿ ತಾರಸಿಯ ಕುಂಡಕ್ಕೆ ಯಾರೂ ಬೋರ್ ನೀರು ಹಾಕುವುದಿಲ್ಲ, ಅಲ್ವಾ?

ಇನ್ನೊಂದನ್ನೂ ಆಗಲೇ ಗಮನಿಸಿದ್ದು. ಹಳದಿ ಬಂದದ್ದು ಯಾವಾಗಲೂ ತುದಿಯ ಎಲೆಗೆ. ಕೆಳಗಿನ ಹಳೆಯ ಎಲೆಗಳು ಹಸಿರಾಗಿಯೇ ಇದ್ದವು. ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಎಳೆದು ಹೊಸದಕ್ಕೆ ಕೊಡುತ್ತದೆ. ಹಾಗಾಗಿ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಸಾರಜನಕ ಕಡಿಮೆಯಾದರೂ ಕೆಳಗಿನದೇ. ಕಬ್ಬಿಣ ಹಾಗಲ್ಲ. ಒಂದು ಎಲೆಗೆ ಸೇರಿದ ಕಬ್ಬಿಣ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ. ಅದು ಕಡಿಮೆಯಾದಾಗ ಪೆಟ್ಟು ಬೀಳುವುದು ಹೊಸ ಚಿಗುರಿಗೆ. ಮೊದಲ ಫೋಟೋದಲ್ಲೇ ಇದು ಕಾಣುತ್ತಿತ್ತು. ನಾನು ಹಳದಿ ನೋಡಿದೆ, ಹಳದಿ ಎಲ್ಲಿದೆ ಎಂದು ನೋಡಲಿಲ್ಲ.

ನಿಂಬೆಹಣ್ಣಿನ ಗುಳ್ಳೆ

2025ರ ಜನವರಿಯ ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಕೈಯಲ್ಲಿ ಎರಡು ನಿಂಬೆಹಣ್ಣು ಮತ್ತು ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ತಂದ ಪಿಎಚ್ ಕಾಗದದ, ಅಂದರೆ ಹುಳಿ-ಕ್ಷಾರ ಅಳೆಯುವ ಕಾಗದದ, ಒಂದು ಪುಟ್ಟ ಸುರುಳಿ.

ಕಾಂಪೌಂಡ್ ಪಕ್ಕದ ಗಿಡದ ಬುಡ ಮೊದಲು ಅಗೆದೆವು. ಆರು ಇಂಚು ಕೆಳಗೆ ಬೂದು ಬಣ್ಣದ ಗಟ್ಟಿ ಚೂರುಗಳು. ಮನೆ ಕಟ್ಟಿದಾಗ ಉಳಿದ ಸಿಮೆಂಟ್ ಗಾರೆ. ಗಾರೆಯವರು ದಿನದ ಕೊನೆಗೆ ಬಾಂಡ್ಲಿ ತೊಳೆದು ಸುರಿಯುತ್ತಿದ್ದ ಜಾಗ ಅದೇ ಎಂದು ಭಾವನಿಗೆ ಆಗ ನೆನಪಾಯಿತು. ಒಂದು ಹಿಡಿ ಮಣ್ಣು ತಟ್ಟೆಗೆ ಹಾಕಿ ನಿಂಬೆರಸ ಹಿಂಡಿದೆ. ಸೋಡಾ ತೆರೆದ ಹಾಗೆ ಬುರುಬುರು ನೊರೆ ಎದ್ದಿತು. ಅಮ್ಮ ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದರು.

“ಸುಣ್ಣ ಉಂಟು ಇದರಲ್ಲಿ” ಅಂದರು.

ಕುಂಡದ ಮಣ್ಣಿನಲ್ಲಿ ಅಷ್ಟು ಗುಳ್ಳೆ ಇರಲಿಲ್ಲ, ಆದರೆ ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಚುರುಗುಟ್ಟುತ್ತಿತ್ತು. ಕುಂಡದ ಅಂಚಿನಲ್ಲಿ ಬಿಳಿ ಪೊರೆ. ಬಿಸಿನೀರಿನ ಹಂಡೆಯೊಳಗೆ ಕಟ್ಟುತ್ತದಲ್ಲ, ಅದೇ. ಕಾಗದದ ಅಳತೆ ಅಂದಾಜಿನದು, ಆದರೂ ಇಲ್ಲಿಗೆ ಸಾಕಾಗಿತ್ತು. ಬೋರ್ ನೀರು ಎಂಟರ ಹತ್ತಿರ. ಕುಂಡದ ಮಣ್ಣು ಎಂಟು. ಗೋಡೆ ಪಕ್ಕದ್ದು ಎಂಟೂವರೆ. ಭಾವ ಊರಿಂದ ತರಿಸಿದ ಗುಡ್ಡೆ ಮಣ್ಣು ಐದೂವರೆ. ಏಳು ಅಂದರೆ ಸಮ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ಅಂಕೆ ಹೆಚ್ಚಾದರೆ ಹುಳಿ ಹತ್ತು ಪಟ್ಟು ಕಡಿಮೆ.

ಮಣ್ಣಲ್ಲಿ ಕಬ್ಬಿಣ ಇಲ್ಲ ಎಂದಲ್ಲ. ಬೆಂಗಳೂರಿನ ಕೆಂಪು ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಆದರೆ ಮಣ್ಣು ಕ್ಷಾರವಾದಾಗ ಆ ಕಬ್ಬಿಣ ನೀರಲ್ಲಿ ಕರಗುವುದಿಲ್ಲ. ಕರಗದ್ದನ್ನು ಬೇರು ಕುಡಿಯಲಾರದು. ಉಗ್ರಾಣ ತುಂಬಿದೆ, ಬೀಗ ಹಾಕಿದೆ. ಬೋರಿನ ಗಡಸು ನೀರು, ಅಂದರೆ ಸುಣ್ಣದ ಅಂಶ ಕರಗಿದ ನೀರು, ದಿನಾ ಆ ಬೀಗವನ್ನು ಬಿಗಿ ಮಾಡುತ್ತಿತ್ತು. ಬೂದಿ, ಸುಣ್ಣ, ಮೊಟ್ಟೆ ಚಿಪ್ಪು ಅದಕ್ಕೆ ಸೇರಿಕೊಂಡವು. ಇನ್ನು ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಅಂದರೆ ಏನು? ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಸೇರಿದ ನೀರು. ಬೋರ್ ನೀರಿಗಿಂತಲೂ ಗಡಸು. ಎಲೆಯಂಚು ಸುಟ್ಟದ್ದು ಅದರಿಂದಲೇ ಇರಬೇಕು.

ಅಕ್ಕ ಸುಮ್ನೆ ಕೂತು ಕೇಳಿದರು. ಆಮೇಲೆ ಒಂದೇ ಮಾತು: “ಅಂದರೆ ನಾನು ಇಷ್ಟು ದಿನ ಅದಕ್ಕೆ ವಿಷ ಹಾಕಿದ್ದಾ?” ಅಲ್ಲ ಎಂದು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಹೇಳಿದ ಔಷಧವೂ ಆ ಪಟ್ಟಿಯಲ್ಲಿತ್ತಲ್ಲ.

ಅರ್ಧ ಎಲೆ

ಒಮ್ಮೆ ಸುಟ್ಟುಕೊಂಡ ಮೇಲೆ ಊಹೆಯ ಮೇಲೆ ನಡೆಯುವ ಧೈರ್ಯ ಇರಲಿಲ್ಲ. ಮಣ್ಣು ಬದಲಿಸುವ ಮೊದಲು ಕಬ್ಬಿಣದ್ದೇ ಕೊರತೆ ಹೌದೋ ಅಲ್ಲವೋ ನೋಡೋಣ ಎಂದೆ.

ಗ್ರಂಧಿಗೆ ಅಂಗಡಿಯಿಂದ ಅನ್ನಭೇದಿ ತಂದೆವು. ತಿಳಿ ಹಸಿರು ಹರಳು, ಫೆರಸ್ ಸಲ್ಫೇಟ್. ಮೊದಲು ಬೋರ್ ನೀರಲ್ಲಿ ಕರಗಿಸಿದೆವು. ಕಾಫಿ ಕುಡಿದು ಬರುವಷ್ಟರಲ್ಲಿ ನೀರು ತುಕ್ಕು ಬಣ್ಣಕ್ಕೆ ತಿರುಗಿ ತಳದಲ್ಲಿ ಗಸಿ ಕೂತಿತ್ತು. ಇಡೀ ಪ್ರಕರಣ ಆ ಒಂದು ಲೋಟದಲ್ಲಿ ಕಾಣುತ್ತಿತ್ತು ಅನ್ನಿ. ಕಬ್ಬಿಣ ಹಾಕಿದರೂ ಆ ನೀರಲ್ಲಿ ನಿಲ್ಲುವುದಿಲ್ಲ. ಚೆಲ್ಲಿದೆವು. ಎರಡನೇ ಸಲ ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದು, ಲೀಟರಿಗೆ ಐದು ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ. ಎಸಿ ನೀರಿನಲ್ಲಿ ಉಪ್ಪು ಇರುವುದಿಲ್ಲ, ಗಾಳಿಯ ತೇವವೇ ನೀರಾದದ್ದು. ನಿಂಬೆಯ ಹುಳಿ ಕಬ್ಬಿಣವನ್ನು ಕರಗಿದ ಹಾಗೇ ಹಿಡಿದಿಡುತ್ತದೆ. ಈ ಸಲ ದ್ರಾವಣ ತಿಳಿಯಾಗಿಯೇ ಉಳಿಯಿತು.

ಒಂದು ಹಳದಿ ಎಲೆ ಆರಿಸಿ, ನಡುನರದ ಎಡಕ್ಕೆ ಮಾತ್ರ ಮಕ್ಕಳ ಪೇಂಟಿಂಗ್ ಕುಂಚದಿಂದ ಹಚ್ಚಿದೆ. ಬಲಭಾಗ ಹಾಗೇ ಬಿಟ್ಟೆ. ಸಂಜೆ ಹಚ್ಚಬೇಕು, ಬಿಸಿಲಲ್ಲಿ ಹಚ್ಚಿದರೆ ಎಲೆ ಕಲೆಯಾಗುತ್ತದೆ. ಎಂಟನೇ ದಿನ ಅಕ್ಕ ಫೋಟೋ ಕಳಿಸಿದರು. ಎಡಕ್ಕೆ ಹಸಿರು, ಬಲಕ್ಕೆ ಹಳದಿ, ನಡುವೆ ಗೆರೆ ಎಳೆದ ಹಾಗೆ. ಕುಂಚದಿಂದ ಸಿಡಿದ ಒಂದೆರಡು ಹನಿ ಬಲಭಾಗದಲ್ಲಿ ಬಿದ್ದಲ್ಲಿ ಸಾಸಿವೆ ಗಾತ್ರದ ಹಸಿರು ಚುಕ್ಕೆ. ಇದಕ್ಕಿಂತ ಸಾಕ್ಷಿ ಬೇಕಾಗಿರಲಿಲ್ಲ.

ಆದರೆ ಎಲೆಗೆ ಬಳಿಯುವುದು ಗಿಡವನ್ನು ಉಳಿಸುವುದಿಲ್ಲ. ಮುಂದಿನ ಚಿಗುರು ಮತ್ತೆ ಹಳದಿಯೇ. ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು: ಕಬ್ಬಿಣ ಕೊಡುತ್ತಾ ಇರುವುದೋ, ಮಣ್ಣು ಮತ್ತು ನೀರನ್ನೇ ಬದಲಿಸುವುದೋ. ಭಾವನಿಗೆ ಮೊದಲನೆಯದು ಸುಲಭ ಅನ್ನಿಸಿತು. ಆನ್‌ಲೈನ್‌ನಲ್ಲಿ ಕೀಲೇಟ್ ಕಬ್ಬಿಣ, ಅಂದರೆ ಕರಗಿದ ಹಾಗೇ ಉಳಿಯಲೆಂದು ಬೇರೊಂದು ರಾಸಾಯನಿಕ ಹಿಡಿದಿಟ್ಟ ಕಬ್ಬಿಣ, ತರಿಸಿಯೂ ಬಿಟ್ಟಿದ್ದರು. ಡಬ್ಬ ತಿರುಗಿಸಿ ನೋಡಿದೆ, ಆ ರಾಸಾಯನಿಕ ಇಡಿಟಿಎ. ಅದು ಹುಳಿ ಮಣ್ಣಿಗೆ, ಎಲೆಗೆ ಸಿಂಪಡಿಸಲು ಸರಿ. ಪಿಎಚ್ ಆರೂವರೆ ದಾಟಿದರೆ ಮಣ್ಣಲ್ಲಿ ಕಬ್ಬಿಣವನ್ನು ಕೈಬಿಡುತ್ತದೆ. ಕ್ಷಾರ ಮಣ್ಣಲ್ಲೂ ನಿಲ್ಲುವುದು ಇಡಿಡಿಎಚ್ಎ ಅನ್ನುವ ಬಗೆ. ನೀರಿಗೆ ಹಾಕಿದರೆ ಕಡುಗೆಂಪು ಬಣ್ಣ ಬರುತ್ತದೆ, ಬೆಲೆಯೂ ಜಾಸ್ತಿ. ಮೂರು ಗಿಡಕ್ಕೆ ವರ್ಷವಿಡೀ ಅದನ್ನು ಕೊಡುವುದಕ್ಕಿಂತ ಎರಡು ಮೂಟೆ ಮಣ್ಣು ತರುವುದು ವಾಸಿ ಎಂದಾಯಿತು.

ಫೆಬ್ರುವರಿಯಲ್ಲಿ ಕಾರಿನ ಡಿಕ್ಕಿಯಲ್ಲಿ ಊರಿನ ಮಣ್ಣು ಬಂತು. ಕುಂಡದ ಗಿಡಗಳನ್ನು ಬಿಡಿಸಿ, ಬೇರಿಗೆ ಅಂಟಿದ ಹಳೆಯ ಮಣ್ಣನ್ನು ಎಸಿ ನೀರಲ್ಲಿ ಮೆಲ್ಲಗೆ ತೊಳೆದೆವು. ಎರಡು ಪಾಲು ಗುಡ್ಡೆ ಮಣ್ಣು, ಒಂದು ಪಾಲು ಕೊಳೆತ ತರಗೆಲೆ, ಒಂದು ಪಾಲು ತೆಂಗಿನ ನಾರಿನ ಪುಡಿ. ಹದಿನಾಲ್ಕು ಇಂಚಿನ ಕುಂಡ. ಬೂದಿ, ಸುಣ್ಣ, ಚಿಪ್ಪು ಎಲ್ಲ ಬಂದ್. ಎಪ್ಸಮ್ ಉಪ್ಪೂ ಬಂದ್. ಬೇರು ಹಿಡಿಯುವವರೆಗೆ ಎರಡು ಸಲ ಅನ್ನಭೇದಿ ಸಿಂಪಡಿಸಿದೆವು. ಆಗ ತಾರಸಿಯ ಬಿಳಿ ಟೈಲ್ಸ್ ಮೇಲೆ ಬಿದ್ದ ಹನಿಗಳು ತುಕ್ಕಿನ ಕಲೆಯಾಗಿ ಇವತ್ತಿಗೂ ಇವೆ. ಭಾವ ಪ್ರತಿ ಸಲ ಅದನ್ನು ನನಗೆ ತೋರಿಸುತ್ತಾರೆ. ಕೆಳಗೆ ಗೋಣಿ ಹಾಸಿಕೊಳ್ಳಿ.

ನೀರಿನದ್ದೇ ಕಷ್ಟ. ಮಳೆ ಬರಲು ಮೂರು ತಿಂಗಳಿತ್ತು. ಎಸಿ ನೀರು ಎರಡು ಕುಂಡಕ್ಕೆ ಅರೆಬರೆ ಸಾಲುತ್ತಿತ್ತು. ಸಾಲದ ದಿನ ಬೋರ್ ನೀರಿಗೇ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಬೆರೆಸಿದರು. ಹತ್ತು ಲೀಟರಿಗೆ ಮುಕ್ಕಾಲು ಚಮಚ ಹಾಕಿದಾಗ ಕಾಗದ ಆರು ತೋರಿಸಿತು. ಇದು ಆ ಮನೆಯ ನೀರಿನ ಲೆಕ್ಕ. ನಿಮ್ಮದಕ್ಕೆ ನೀವೇ ಸ್ವಲ್ಪ ಸ್ವಲ್ಪ ಹಾಕಿ ನೋಡಬೇಕು. ಮಳೆನೀರಿಗೆ ಇದು ಸಮ ಅಲ್ಲ. ಆ ಹುಳಿಯನ್ನು ಮಣ್ಣಿನ ಜೀವಾಣುಗಳು ಬೇಗ ತಿಂದು ಮುಗಿಸುತ್ತವೆ. ಬೇಸಿಗೆ ದಾಟಿಸಲು ಒಂದು ಊರುಗೋಲು, ಅಷ್ಟೇ. ಜೂನ್‌ಗೆ ತಾರಸಿಯ ಮಳೆನೀರು ಇಳಿಯುವ ಪೈಪಿಗೆ ಒಂದು ಡ್ರಮ್ ಕಟ್ಟಿಸಿದರು. ಸೊಳ್ಳೆ ಬಾರದ ಹಾಗೆ ಬಾಯಿಗೆ ಬಟ್ಟೆ.

ಏಪ್ರಿಲ್ ಕೊನೆಗೆ ಬಂದ ಚಿಗುರು ಹಸಿರಾಗಿತ್ತು. ಮಳೆ ಬರುವ ಮೊದಲೇ. ನನಗೆ ಬೇಕಾಗಿದ್ದದ್ದು ಆ ‘ಮೊದಲೇ’.

ಕತ್ತರಿ

ಇಷ್ಟಾದ ಮೇಲೂ ಹೂ ಬರಲಿಲ್ಲ. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು. ಗಿಡ ದುಂಡಗೆ, ಒತ್ತಾಗಿ, ನೋಡಲು ಚೆಂದ. ತೀರಾ ಚೆಂದ. ಅನುಮಾನ ಬಂದು ಕೇಳಿದರೆ ಭಾವ ಎರಡು ವಾರಕ್ಕೊಮ್ಮೆ ಕತ್ತರಿ ಹಿಡಿದು ತುದಿ ಸವರುತ್ತಿದ್ದರು. ಪಾರ್ಕಿನಲ್ಲಿ ಹಾಗೆ ಮಾಡುವುದನ್ನು ನೋಡಿದ್ದರಂತೆ.

ಕೇಪಳದ ಮೊಗ್ಗು ಕೂರುವುದು ಕಡ್ಡಿಯ ತುದಿಯಲ್ಲಿ. ತುದಿ ಕತ್ತರಿಸಿದರೆ ಹೂವನ್ನೇ ಕತ್ತರಿಸಿದ ಹಾಗೆ. ಕತ್ತರಿ ಹಾಕಬೇಕಾದದ್ದು ಗೊಂಚಲು ಬಾಡಿದ ಮೇಲೆ, ಅದರ ಕೆಳಗಿನ ಒಂದೆರಡು ಗೆಣ್ಣಿನವರೆಗೆ. ಆಗ ಪಕ್ಕದಿಂದ ಎರಡು ಕಡ್ಡಿ ಒಡೆದು ಎರಡು ಗೊಂಚಲು ಬರುತ್ತದೆ. ಭಾವನ ಕತ್ತರಿಯನ್ನು ಅಕ್ಕ ಬಟ್ಟೆ ಹೊಲಿಯುವ ಪೆಟ್ಟಿಗೆಯಲ್ಲಿ ಅಡಗಿಸಿಟ್ಟರು.

ಸೆಪ್ಟೆಂಬರ್‌ನಲ್ಲಿ ಎಲೆಯ ಅಡಿ ಹಿಟ್ಟು ತಿಗಣೆ ಕಂಡಿತು. ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಮೂರು ಸಲ ಹೊಡೆದು, ಇರುವೆ ಹತ್ತದ ಹಾಗೆ ಕುಂಡವನ್ನು ನೀರಿನ ತಟ್ಟೆಯ ನಡುವೆ ಇಟ್ಟಿಗೆಯ ಮೇಲೆ ಇಟ್ಟದ್ದಕ್ಕೆ ಹೋಯಿತು.

ನವೆಂಬರ್ ಎರಡನೇ ವಾರ ಮೊದಲ ಕುಂಡದಲ್ಲಿ ಮೊಗ್ಗಿನ ಗೊಂಚಲು. ಹಸಿರು ಸೂಜಿಗಳನ್ನು ಕಟ್ಟು ಕಟ್ಟಿ ನಿಲ್ಲಿಸಿದ ಹಾಗೆ ಇತ್ತು, ದಿನಕ್ಕಿಷ್ಟು ಉದ್ದವಾಗಿ ಕೆಂಪೇರಿತು. ಅರಳಿದ ಬೆಳಿಗ್ಗೆ ಅಮ್ಮ ಹೂ ಕೀಳಲಿಲ್ಲ. ಎಲೆಯ ಬುಡ ಬೆರಳಲ್ಲಿ ಮುಟ್ಟಿ ನೋಡಿದರು, ತೊಟ್ಟು ಇದೆಯೋ ಇಲ್ಲವೋ ಎಂದು.

ಈಗ

ಇದೇ ತೊಂದರೆಯಲ್ಲಿ ಇರುವವರು ನನ್ನನ್ನು ಈಗ ಕೇಳಿದರೆ ಗೊಬ್ಬರದ ಹೆಸರು ಹೇಳುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ. ಹಳದಿ ಮೇಲಿನ ಎಲೆಗೋ ಕೆಳಗಿನ ಎಲೆಗೋ? ಮಳೆಗಾಲದಲ್ಲಿ ಹೇಗಿತ್ತು? ನೀರು ಎಲ್ಲಿಯದು? ಮೂರಕ್ಕೂ ದುಡ್ಡು ಬೇಡ. ಆಮೇಲೆ ಕಾಫಿ ಗಸಿ, ಟೀ ಸೊಪ್ಪು, ಹುಳಿ ಮಜ್ಜಿಗೆ ಹಾಕಿದರೆ ಮಣ್ಣು ಹುಳಿಯಾಗುತ್ತದಾ ಎಂದು ಹಲವರು ಕೇಳುತ್ತಾರೆ. ಸೋಸಿ ಉಳಿದ ಕಾಫಿ ಗಸಿಯಲ್ಲಿ ಹುಳಿ ಹೆಚ್ಚೇನೂ ಉಳಿದಿರುವುದಿಲ್ಲ. ಅದರ ಕೆಲಸ ಗೊಬ್ಬರದ್ದು. ಗಂಧಕದ ಪುಡಿ ಕೆಲಸ ಮಾಡುತ್ತದೆ, ಆದರೆ ಮಣ್ಣಿನ ಜೀವಾಣುಗಳು ಅದನ್ನು ಹುಳಿಯಾಗಿಸಲು ತಿಂಗಳುಗಟ್ಟಲೆ ಬೇಕು.

ಗೋಡೆ ಪಕ್ಕದ ಮೂರನೇ ಗಿಡಕ್ಕೆ ಆ ಗಂಧಕವನ್ನೂ ಹಾಕಿ ನೋಡಿದೆವು. ಸುತ್ತಲಿನ ಗಾರೆ ಚೂರನ್ನು ಕೈಗೆ ಸಿಕ್ಕಷ್ಟು ಹೆಕ್ಕಿ ತೆಗೆದೆವು. ಗೋಡೆಯಿಂದ, ಅಡಿಪಾಯದಿಂದ ಸುಣ್ಣ ಇಳಿಯುತ್ತಲೇ ಇದೆ. ಗಿಡ ಸಾಯಲಿಲ್ಲ, ಹಸಿರಾಗಲೂ ಇಲ್ಲ. ಕಿತ್ತು ಕುಂಡಕ್ಕೆ ಹಾಕೋಣ ಎಂದು ನಾನು ಎರಡು ಸಲ ಹೇಳಿದೆ. ಬೇಡ, ಇದು ಇದ್ದಷ್ಟು ದಿನ ಇರಲಿ, ಆಮೇಲೆ ಅಲ್ಲಿ ಒಂದು ದಾಸವಾಳ ನೆಟ್ಟರೆ ಸಾಕು ಅನ್ನುತ್ತಾರೆ ಅಮ್ಮ. ದಿನಾ ಸಂಜೆ ಡ್ರಮ್ಮಿನಿಂದ ಒಂದು ಚೊಂಬು ಮಳೆನೀರು ತಂದು ಅದರ ಬುಡಕ್ಕೆ ಹಾಕುವುದನ್ನೂ ಬಿಟ್ಟಿಲ್ಲ.